ಬಸ್ಕಿಯ ಪಾಠ

ಕಳೆದ ವರ್ಷ ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು. ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಲು ಹೋದೆ, ಏರಲಿಲ್ಲ. ಬಗ್ಗಿದವಳು ಗೋಡೆ ಹಿಡಿದು ಎದ್ದೆ. ಐವತ್ತನಾಲ್ಕರ ನನಗೆ ಅವತ್ತು ನಿಜಕ್ಕೂ ಭಯವಾಯಿತು. "ವಯಸ್ಸಾಯ್ತಲ್ಲ ಟೀಚರ್" ಎಂದರು ಪಕ್ಕದ ಮನೆಯವರು. ಆದರೆ ನಮ್ಮಜ್ಜಿ ಅರವತ್ತು ದಾಟಿದ ಮೇಲೂ ಬಾವಿಯಿಂದ ನೀರು ಸೇದಿ ತರುತ್ತಿದ್ದರಲ್ಲ! ಆ ಬಲ ನನ್ನಲ್ಲೇಕೆ ಉಳಿಯಲಿಲ್ಲ?

ಚರಿತ್ರೆ ಪಾಠ ಮಾಡುವವಳು ನಾನು. ಉತ್ತರವನ್ನೂ ಅಲ್ಲೇ ಹುಡುಕಿದೆ.

ನಮ್ಮ ನಾಡಿನಲ್ಲಿ ಬಲ ಬೆಳೆಸುವುದು ಹಳೆಯ ವಿದ್ಯೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಊಟ, ಭಾರ ಎತ್ತುವುದು, ನಡಿಗೆ, ಈಜು ಎಲ್ಲದರ ವಿವರವಿದೆ. ಮೈಸೂರನ್ನು 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಸೋಲಿಸಿದ ಕಥೆಯನ್ನು ಕೇಳದವರಾರು? ಅರಿಕುಠಾರವೆಂದಿದ್ದ ನಮ್ಮೂರಿಗೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟವರೂ ಅದೇ ಮನೆತನದ ಮುಮ್ಮಡಿ ಕೃಷ್ಣರಾಜ ಒಡೆಯರು. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಚಾಮರಾಜನಗರದ ಜಟ್ಟಿಗಳೂ ಇಳಿಯುತ್ತಾರೆ. ತಲೆ ಬೋಳಿಸಿಕೊಂಡು ನಿಂತವರಲ್ಲಿ ಒಬ್ಬರ ಮೈಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು!

ಗರಡಿಮನೆಯಲ್ಲಿ ಇದ್ದದ್ದಾದರೂ ಏನು? ಕೆಮ್ಮಣ್ಣು, ಗೋಡೆಯ ಮೇಲೊಬ್ಬ ಹನುಮಂತ, ಗುಂಡುಕಲ್ಲು, ಗದೆ. ದಂಡ, ಬಸ್ಕಿಗಳಿಗೆ ತಮ್ಮ ಮೈಭಾರವೇ ಸಾಕಿತ್ತು. ಇಂದು ಹತ್ತು, ನಾಳೆ ಹನ್ನೊಂದು ಎಂದು ಏರಿಸುವ ತಾಳ್ಮೆಯೇ ಬಂಡವಾಳ. ಡಬ್ಬದ ಪುಡಿಯ ಹಂಗಿರಲಿಲ್ಲ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಅವರು ಭಾರ ಎತ್ತುವುದರ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸುತ್ತಿದ್ದರು.

ಆದರೆ ಗರಡಿಯ ಬಾಗಿಲು ನಮ್ಮಜ್ಜಿಯರಿಗೆ ತೆರೆದಿರಲಿಲ್ಲ. ಅವರ ಗರಡಿ ಎಂದರೆ ಬೀಸುಕಲ್ಲು, ಒನಕೆ, ಬಾವಿಯ ಹಗ್ಗ. ಅದನ್ನು ಯಾರೂ ಬಲವೆಂದು ಕರೆಯಲಿಲ್ಲ, ಕೆಲಸವೆಂದರು. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿದಾಗ ಓಬವ್ವನ ತೋಳಿಗೆ ಆ ಬಲ ಒಂದೇ ದಿನದಲ್ಲಿ ಬಂದೀತೆ? ದಿನವೂ ಕುಟ್ಟಿದ ಕೈಗಳವು!

ಆಮೇಲೆ ಹಿಟ್ಟಿನ ಗಿರಣಿ ಬಂತು, ನಲ್ಲಿ ಬಂತು, ಮಿಕ್ಸಿ ಬಂತು. ಬಂದದ್ದು ಒಳ್ಳೆಯದೇ. ಕೊನೆಗಾಲದಲ್ಲಿ ಬಾಗಿಹೋದ ಅಜ್ಜಿಯ ಬೆನ್ನನ್ನು ಕಂಡವಳು ನಾನು; ಆ ದುಡಿಮೆ ಮತ್ತೆ ಬರಲೆಂದು ಬಯಸಲಾರೆ. ಆದರೆ ಹೊರೆಯ ಜೊತೆಗೆ ಬಲವೂ ಮನೆಯಿಂದ ಹೊರಟುಹೋದದ್ದನ್ನು ನಾವು ಗಮನಿಸಲಿಲ್ಲ.

ಮಧ್ಯವಯಸ್ಸಿನಲ್ಲಿ ಮಾಂಸಖಂಡ ಸವೆಯುತ್ತದೆ, ಮುಟ್ಟು ನಿಂತ ಮೇಲೆ ಮೂಳೆಯೂ ಬೇಗ ಸವೆಯುತ್ತದೆ, ಬರಿಯ ನಡಿಗೆ ಸಾಲದು ಎಂದರು ಡಾಕ್ಟರು. ವಾರದಲ್ಲಿ ಎರಡು ದಿನವಾದರೂ ಮಾಂಸಖಂಡಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ.

ಕಿಟಕಿಯ ಸರಳು ಹಿಡಿದು ಐದು ಬಸ್ಕಿ, ಗೋಡೆಗೆ ಕೈಯಿಟ್ಟು ಐದು ದಂಡ, ಅರ್ಧ ಬಿಂದಿಗೆ ನೀರು: ಹೀಗೆ ಶುರುವಾಯಿತು ನನ್ನ ಸಾಮು. ಮೊದಲ ವಾರ ತೊಡೆ ನೋವಿನಿಂದ ಗುಂಡ್ಲುಪೇಟೆಯ ಶಾಲೆಗೆ ಹೋಗುವ ಬಸ್ಸಿನ ಮೆಟ್ಟಿಲೇ ಬೆಟ್ಟವಾಯಿತು. ಮಗ ನಕ್ಕ. ವಾರಕ್ಕೆ ಒಂದೊಂದೇ ಬಸ್ಕಿ ಏರಿಸುತ್ತ ಬಂದೆ. ಈಗ ಸರಳು ಬಿಟ್ಟು ಇಪ್ಪತ್ತು. ತುಂಬಿದ ಬಿಂದಿಗೆ ಸೊಂಟಕ್ಕೇರುತ್ತದೆ.

ಒಂದೇ ಒಂದು ನಾಚಿಕೆ ಉಳಿದಿದೆ. ಹಿಂದೆಲ್ಲ ಲೆಕ್ಕ ತಪ್ಪಿದ, ತಡವಾಗಿ ಬಂದ ಎಷ್ಟು ಮಕ್ಕಳಿಗೆ ನಾನು ಶಿಕ್ಷೆಯೆಂದು ಬಸ್ಕಿ ಹೊಡೆಸಿದ್ದೇನೋ! ನಮ್ಮನ್ನು ಕೊನೆಗಾಲದವರೆಗೆ ಸ್ವಂತ ಕಾಲ ಮೇಲೆ ನಿಲ್ಲಿಸುವ ವಿದ್ಯೆಯನ್ನು ಅವಮಾನವೆಂದು ಕಲಿಸಿಬಿಟ್ಟೆನಲ್ಲ. ಈಗ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಸೇರಿ ಹತ್ತು ಬಸ್ಕಿ ಹಾಕುತ್ತೇವೆ. ಮುಂದಿನ ಸಾಲಿನಲ್ಲಿ ಹೆಣ್ಣುಮಕ್ಕಳು, ಅವರೆದುರಿಗೆ ಸೆರಗು ಸಿಕ್ಕಿಸಿಕೊಂಡ ನಾನು.