ಸ್ಥಿರ ವಿದ್ಯುತ್ತು: ವೋಲ್ಟೇಜ್ ಮತ್ತು ವಿದ್ಯುತ್ ಸಾಮರ್ಥ್ಯದ ನಡುವಣ ವ್ಯತ್ಯಾಸ

(ಸಾರ್ವಜನಿಕರ ಮಾಹಿತಿಗಾಗಿ)

ವಿದ್ಯುತ್ ಸಂಪರ್ಕ ಕೋರಿ ಅರ್ಜಿ ಸಲ್ಲಿಸುವ ನಾಗರಿಕರಿಗೆ ವೋಲ್ಟ್ ಮತ್ತು ಕಿಲೋವಾಟ್ ಎಂಬ ಎರಡು ಅಳತೆಗಳು ಎದುರಾಗುತ್ತವೆ. ಗೃಹ ಬಳಕೆಯ ಸಿಂಗಲ್ ಫೇಸ್ ಸಂಪರ್ಕದ ವೋಲ್ಟೇಜ್ 230 ಆಗಿದ್ದು, ಕೋರುವ ಹೊರೆಯನ್ನು ಕಿಲೋವಾಟ್‌ಗಳಲ್ಲಿ ನಮೂದಿಸಲಾಗುತ್ತದೆ. ವೋಲ್ಟೇಜ್ ಹೆಚ್ಚಾದಷ್ಟೂ ಅಪಾಯವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬ ತಿಳುವಳಿಕೆ ಸಾಮಾನ್ಯವಾಗಿದೆ. ಇದು ಪೂರ್ಣವಾಗಿ ಸರಿಯಲ್ಲವೆಂಬುದನ್ನು ಸ್ಥಿರ ವಿದ್ಯುತ್ತು ಸ್ಪಷ್ಟಪಡಿಸುತ್ತದೆ.

1. ಸ್ಥಿರ ವಿದ್ಯುತ್ತು ಎಂದರೇನು?

ಎರಡು ವಸ್ತುಗಳು ಪರಸ್ಪರ ತಾಗಿ ಬೇರ್ಪಟ್ಟಾಗ ಒಂದರಿಂದ ಇನ್ನೊಂದಕ್ಕೆ ವಿದ್ಯುದಾವೇಶವು ವರ್ಗವಾಗುತ್ತದೆ. ಹರಿದುಹೋಗಲು ಮಾರ್ಗವಿಲ್ಲದಿದ್ದಲ್ಲಿ ಅದು ವಸ್ತುವಿನಲ್ಲಿಯೇ ಶೇಖರಗೊಳ್ಳುತ್ತದೆ. ಒಣ ಹವೆಯ ದಿನಗಳಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲಿನ ಚಿಲಕವನ್ನು ಮುಟ್ಟಿದಾಗ ಬೆರಳಿಗೆ ಚುರುಕ್ಕೆನ್ನುವುದು ಇದರಿಂದಲೇ. ನೈಲಾನ್ ಮತ್ತು ಪಾಲಿಯೆಸ್ಟರ್ ಬಟ್ಟೆಗಳಲ್ಲಿ ಇದು ಹೆಚ್ಚು. ಗಾಳಿಯಲ್ಲಿ ತೇವಾಂಶವಿರುವ ಮಳೆಗಾಲದಲ್ಲಿ ಹಾಗೂ ಕರಾವಳಿಯಲ್ಲಿ ಕಡಿಮೆ.

2. ವೋಲ್ಟೇಜ್, ಶಕ್ತಿ ಮತ್ತು ಸಾಮರ್ಥ್ಯ

ಒಂದು ಘಟಕ ಆವೇಶದ ಹಿಂದೆ ಎಷ್ಟು ಶಕ್ತಿಯ ಒತ್ತಡವಿದೆ ಎಂಬುದನ್ನು ವೋಲ್ಟೇಜ್ ಸೂಚಿಸುತ್ತದೆ. ಒಟ್ಟು ಶಕ್ತಿಯನ್ನು ಜೂಲ್‌ಗಳಲ್ಲಿಯೂ, ಆ ಶಕ್ತಿಯು ಪ್ರತಿ ಸೆಕೆಂಡಿಗೆ ವ್ಯಯವಾಗುವ ದರವನ್ನು, ಅಂದರೆ ಸಾಮರ್ಥ್ಯವನ್ನು, ವಾಟ್‌ಗಳಲ್ಲಿಯೂ ಅಳೆಯಲಾಗುತ್ತದೆ. ಎತ್ತರದಲ್ಲಿಟ್ಟ ಒಂದು ಲೋಟ ನೀರಿಗೆ ಒತ್ತಡವಿದ್ದರೂ ಅದು ಕ್ಷಣದಲ್ಲಿ ಬರಿದಾಗುತ್ತದೆ. ತಗ್ಗಿನಲ್ಲಿದ್ದರೂ ತುಂಬಿದ ಕೆರೆಯ ತೂಬು ದಿನಗಟ್ಟಲೆ ಹರಿಯುತ್ತದೆ. ಸ್ಥಿರ ವಿದ್ಯುತ್ತು ಲೋಟದ ನೀರಿನಂತೆ. ಮನೆಯ ವಿದ್ಯುತ್ತು ಕೆರೆಯ ನೀರಿನಂತೆ.

3. ಅಂಕಿಗಳಲ್ಲಿ ಹೋಲಿಕೆ

ಮಾನವ ದೇಹದ ವಿದ್ಯುತ್ ಧಾರಕತೆಯು ಸುಮಾರು 100 ರಿಂದ 200 ಪೈಕೊಫ್ಯಾರಡ್. ಧಾರಕತೆಯ ಅರ್ಧವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದರೆ ಶೇಖರವಾದ ಶಕ್ತಿಯು ದೊರೆಯುತ್ತದೆ. ಅದರಂತೆ 100 ಪೈಕೊಫ್ಯಾರಡ್ ಧಾರಕತೆಯ ದೇಹವು 10,000 ವೋಲ್ಟ್‌ಗೆ ಏರಿದಾಗ ಅದರಲ್ಲಿರುವ ಶಕ್ತಿ ಕೇವಲ 5 ಮಿಲಿಜೂಲ್. 10 ವಾಟ್‌ನ ಎಲ್‌ಇಡಿ ದೀಪವನ್ನು ಇದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಕಾಲ ಮಾತ್ರ ಬೆಳಗಿಸಬಲ್ಲುದು. ಕಿಡಿಯು ಅತ್ಯಲ್ಪ ಕಾಲದಲ್ಲಿ ಮುಗಿಯುವುದರಿಂದ ಆ ಕ್ಷಣದ ಸಾಮರ್ಥ್ಯವು ಸಾವಿರಾರು ವಾಟ್ ತಲುಪಬಹುದಾದರೂ, ಒಟ್ಟು ಶಕ್ತಿಯು ಅಲ್ಪವೇ ಆಗಿರುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, 230 ವೋಲ್ಟ್ ತಂತಿಯಿಂದ 30 ಮಿಲಿಯಾಂಪಿಯರ್ ಪ್ರವಾಹವು ಒಂದು ಸೆಕೆಂಡು ಹರಿದರೆ ವ್ಯಯವಾಗುವ ಶಕ್ತಿ 6.9 ಜೂಲ್. ಇದು ಮೇಲಿನ ಕಿಡಿಯ ಶಕ್ತಿಯ ಸಾವಿರ ಪಟ್ಟಿಗೂ ಅಧಿಕ. ಪ್ರವಾಹವು ನಿಲ್ಲದೆ ಮುಂದುವರಿಯುವುದರಿಂದ ಹೃದಯದ ಬಡಿತ ಅಸ್ತವ್ಯಸ್ತಗೊಂಡು ಪ್ರಾಣಾಪಾಯ ಸಂಭವಿಸಬಹುದು. ಈ ಕಾರಣದಿಂದಲೇ ಮನೆಗಳಲ್ಲಿ ವ್ಯಕ್ತಿಗಳ ರಕ್ಷಣೆಗೆ 30 ಮಿಲಿಯಾಂಪಿಯರ್ ಮಿತಿಯ ಆರ್‌ಸಿಸಿಬಿ ಸಾಧನವನ್ನು ಬಳಸಲಾಗುತ್ತದೆ.

4. ಅಲ್ಪ ಶಕ್ತಿಯೂ ಅಪಾಯಕಾರಿಯಾಗುವ ಸಂದರ್ಭ

ವ್ಯಕ್ತಿಗೆ ಹಾನಿಯಾಗದ ಕಿಡಿಯು ಇಂಧನದ ಆವಿಗೆ ಸಾಕಾಗಬಹುದು. ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತ ಪೆಟ್ರೋಲ್ ಆವಿಯನ್ನು ಹೊತ್ತಿಸಲು ಸುಮಾರು 0.25 ಮಿಲಿಜೂಲ್ ಸಾಕು. ಮೇಲೆ ಹೇಳಿದ 5 ಮಿಲಿಜೂಲ್ ಅದರ 20 ಪಟ್ಟು. ಅಡುಗೆ ಅನಿಲಕ್ಕೂ ಹೆಚ್ಚುಕಡಿಮೆ ಇದೇ ಪ್ರಮಾಣ ಅನ್ವಯಿಸುತ್ತದೆ. ಸಿಡಿಲು ಸಹ ಮೋಡಗಳಲ್ಲಿ ಶೇಖರವಾದ ಆವೇಶವೇ ಆಗಿದ್ದು, ಅದರ ಆವೇಶದ ಮೊತ್ತವು ಅಪಾರವಾದುದರಿಂದ ಮಾರಣಾಂತಿಕವಾಗಿದೆ.

5. ಸಾರ್ವಜನಿಕರು ಅನುಸರಿಸಬೇಕಾದ ಎಚ್ಚರಿಕೆಗಳು

(ಅ) ಅನುಮೋದಿತ ಡಬ್ಬಿಗೆ ಇಂಧನ ತುಂಬಿಸುವಾಗ ಅದನ್ನು ನೆಲದ ಮೇಲೆ ಇರಿಸತಕ್ಕದ್ದು. ವಾಹನದ ಒಳಗೆ ಅಥವಾ ಆಸನದ ಮೇಲೆ ಇರಿಸಿ ತುಂಬಿಸಬಾರದು.

(ಆ) ವಾಹನಕ್ಕೆ ಇಂಧನ ತುಂಬುತ್ತಿರುವಾಗ ಪದೇ ಪದೇ ಒಳಗೆ ಕುಳಿತು ಇಳಿಯಬಾರದು. ಇಳಿದ ಕೂಡಲೇ ಇಂಧನದ ಬಾಯಿಯಿಂದ ದೂರದಲ್ಲಿರುವ ಲೋಹದ ಭಾಗವನ್ನು ಮುಟ್ಟುವುದು ಸೂಕ್ತ.

(ಇ) ಅನಿಲ ಸೋರಿಕೆಯ ಶಂಕೆಯಿದ್ದಲ್ಲಿ ಯಾವುದೇ ಸ್ವಿಚ್ಚನ್ನು ಹಾಕುವುದಾಗಲೀ ಆರಿಸುವುದಾಗಲೀ ಮಾಡಬಾರದು. ಕಿಟಕಿ ಬಾಗಿಲುಗಳನ್ನು ತೆರೆದು ಹೊರಬರತಕ್ಕದ್ದು.

(ಈ) ಇನ್ವರ್ಟರ್, ಯುಪಿಎಸ್ ಮುಂತಾದವುಗಳ ಕೆಪಾಸಿಟರುಗಳಲ್ಲಿ ವಿದ್ಯುತ್ ಕಡಿತಗೊಂಡ ಬಳಿಕವೂ ಆವೇಶವು ಉಳಿದಿರಬಹುದು. ಅವುಗಳನ್ನು ಸ್ವತಃ ಬಿಚ್ಚಬಾರದು.

(ಉ) ಮನೆಯ ವೈರಿಂಗ್ ಮತ್ತು ಭೂಸಂಪರ್ಕದ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.

ಒಟ್ಟಿನಲ್ಲಿ, ವೋಲ್ಟೇಜ್ ಒಂದನ್ನೇ ನೋಡಿ ಅಪಾಯವನ್ನು ಅಳೆಯಲಾಗದು. ಎಷ್ಟು ಶಕ್ತಿಯಿದೆ, ಎಷ್ಟು ಕಾಲ ಹರಿಯುತ್ತದೆ ಮತ್ತು ಸುತ್ತಮುತ್ತ ಏನಿದೆ ಎಂಬ ಮೂರು ಅಂಶಗಳನ್ನೂ ಪರಿಗಣಿಸುವುದು ಅವಶ್ಯಕ.