ಮುಲಾಮಿಗೆ ಮೊದಲು ಬಕೆಟ್ಟು: ಕೈ ಇಸುಬಿನ ಚಿಕಿತ್ಸೆ ಬೆಳೆದ ಬಗೆ

ನೆಲ ಒರೆಸುವವರ, ಪಾತ್ರೆ ತೊಳೆಯುವವರ, ಶೌಚಾಲಯ ತಿಕ್ಕುವವರ ಕೈ ಸಾಮಾನ್ಯವಾಗಿ ಮೊದಲು ಕೆಡುವುದು ಬೆರಳ ಸಂದಿಯಲ್ಲಿ. ಉಂಗುರ ತೊಟ್ಟಿದ್ದರೆ ಅದರಡಿಯಲ್ಲಿ. ಸೋಪಿನ ನೀರು ನಿಲ್ಲುವುದು ಅಲ್ಲೇ. ಮೊದಲು ಒಣಕಲು, ಆಮೇಲೆ ತುರಿಕೆ, ಕೊನೆಗೆ ಬಿರುಕು. ಬಿರುಕಿಗೆ ಬ್ಲೀಚಿಂಗ್ ಪೌಡರ್ ತಗುಲಿದರೆ ಉರಿ ಹೇಳತೀರದು.

ಇದು ಕಸುಬಿನಿಂದ ಬರುವ ಕಾಯಿಲೆ ಎಂದು ಬರೆದಿಟ್ಟವರಲ್ಲಿ ಮುಖ್ಯರು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ. ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೂ ಒಂದು ಅಧ್ಯಾಯವಿದೆ. ಕ್ಷಾರದ ನೀರಿಗೆ ಅವರ ಕೈ ಒಡೆಯುವುದನ್ನು ಅಲ್ಲಿ ದಾಖಲಿಸಿದ್ದಾರೆ. ರೋಗಿಯನ್ನು ‘ನಿನ್ನ ಕಸುಬೇನು’ ಎಂದು ಕೇಳಲೇಬೇಕು ಎಂದವರೂ ಅವರೇ. ಮುಂದಿನ ಮೂರು ಶತಮಾನಗಳಲ್ಲಿ ಔಷಧ ಬಲಗೊಂಡಾಗಲೆಲ್ಲ ಈ ಪ್ರಶ್ನೆ ಹಿಂದೆ ಸರಿದಿದೆ ಎಂಬುದು ನನ್ನ ಅನಿಸಿಕೆ.

1895ರಲ್ಲಿ ಜರ್ಮನ್ ಚರ್ಮತಜ್ಞ ಯೋಸೆಫ್ ಯಾದಾಸೋನ್ ಪಾದರಸದಿಂದ ಕೆರಳುವ ಚರ್ಮದ ಮೇಲೆ ಪಾದರಸವನ್ನೇ ಅಂಟಿಸಿ ನೋಡಿದರು. ಇಂದಿನ ಪ್ಯಾಚ್ ಟೆಸ್ಟ್ ಶುರುವಾದದ್ದು ಅಲ್ಲಿಂದ. ಶಂಕಿತ ವಸ್ತುಗಳನ್ನು ಬೆನ್ನಿಗೆ ಅಂಟಿಸಿ ಎರಡು ದಿನ ಬಿಡುತ್ತಾರೆ. ತೆಗೆದಾಗೊಮ್ಮೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಕ್ರಮೇಣ ಎರಡು ಬಗೆಯ ಇಸುಬು ಬೇರೆಬೇರೆಯಾಗಿ ಕಂಡವು. ಸೋಪು, ಆ್ಯಸಿಡ್, ಬ್ಲೀಚ್ ಚರ್ಮದ ಜಿಡ್ಡನ್ನು ತೊಳೆದು ಕೆರಳಿಸುವುದು ಒಂದು. ಇದು ಸಾಕಷ್ಟು ಹೊತ್ತು ಕೈ ಅದ್ದಿದ ಯಾರಿಗಾದರೂ ಬಂದೀತು. ಅಲರ್ಜಿ ಇನ್ನೊಂದು, ಒಗ್ಗದವರಿಗೆ ಮಾತ್ರ ಬರುತ್ತದೆ, ಬಂದ ಮೇಲೆ ಅಲ್ಪ ಪ್ರಮಾಣವೂ ಸಾಕು. ಕೈ ನೋಡಿ ಇದು ಯಾವುದೆಂದು ಹೇಳುವುದು ನುರಿತವರಿಗೂ ಕಷ್ಟ. ಎಷ್ಟೋ ಸಲ ಎರಡೂ ಕೂಡಿಯೇ ಇರುತ್ತವೆ.

1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟೆನ್ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮುಲಾಮಿನ ಗುಣವನ್ನು ತೋರಿಸಿದರು. ಕೆಂಪು ಇಳಿಯಿತು, ತುರಿಕೆ ನಿಂತಿತು. ಕಾರಣ ಹುಡುಕುವ ಆತುರವೂ ಇಳಿಯಿತು! ಸ್ಟೀರಾಯ್ಡ್ ಇಂದಿಗೂ ಮೊದಲ ಮದ್ದು, ಅದರಲ್ಲಿ ತಪ್ಪಿಲ್ಲ. ಆದರೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮತ್ತೆ ಬಕೆಟ್ಟಿಗಿಳಿಯುವುದು ಅದೇ ಕೈ. ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರದ ಔಷಧ ಮೂರನ್ನೂ ಬೆರೆಸಿದ ಟ್ಯೂಬನ್ನು ಅಂಗಡಿಯಲ್ಲಿ ಕೇಳಿ ತರುವುದು ನಮ್ಮಲ್ಲಿ ಎಷ್ಟು ರೂಢಿಯೆಂದರೆ, 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿಯನ್ನು ಕಡ್ಡಾಯ ಮಾಡಬೇಕಾಯಿತು.

ಕೆಲಸದ ಕಡೆಗೆ ಮತ್ತೆ ಗಮನ ಎಳೆದವರಲ್ಲಿ ಜರ್ಮನರು ಮುಂದು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಒದ್ದೆಯಲ್ಲಿ ಕೈ ಇದ್ದರೆ ಅದು ಅಲ್ಲಿನ ನಿಯಮದಲ್ಲಿ ‘ಒದ್ದೆ ಕೆಲಸ’. ಬೆವರು ನಿಲ್ಲುವ ಗ್ಲೌಸ್ ಅಷ್ಟು ಹೊತ್ತು ತೊಟ್ಟಿದ್ದರೂ ಮೊದಲು ಅದೇ ಲೆಕ್ಕವಿತ್ತು. ಅದು ಜಾಣ ನಿಯಮವಾಗಿತ್ತು. ರಬ್ಬರ್ ಗ್ಲೌಸ್ ರಾಸಾಯನಿಕವನ್ನು ತಡೆದರೂ ಒಳಗಿನ ಬೆವರು ಚರ್ಮವನ್ನು ನೆನೆಸಿ ಮೆತ್ತಗಾಗಿಸುತ್ತದೆ. ರಬ್ಬರನ್ನು ಹದಗೊಳಿಸಲು ಬಳಸುವ ಥೈಯುರಾಮ್ ಕೆಲವರಿಗೆ ಅಲರ್ಜಿ ತರುತ್ತದೆ. ಆದ್ದರಿಂದಲೇ ಒಳಗೆ ಹತ್ತಿಯ ಗ್ಲೌಸ್ ತೊಡಿ, ಒದ್ದೆಯಾದರೆ ಬದಲಿಸಿ ಎನ್ನುವ ಸಲಹೆ. ಎಲ್ಲರ ಚರ್ಮವೂ ಒಂದೇ ಅಲ್ಲ ಎನ್ನುವುದಕ್ಕೆ 2006ರಲ್ಲಿ ಬಲವಾದ ಸಾಕ್ಷ್ಯ ಸಿಕ್ಕಿತು: ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿ ದೋಷಕ್ಕೂ ಇಸುಬಿಗೂ ನಂಟಿದೆ.

ಔಷಧದಲ್ಲೂ ಮುನ್ನಡೆಯಾಗಿದೆ. ಸ್ಟೀರಾಯ್ಡಿಗೆ ಬಗ್ಗದ ಹಳೆಯ ಕೈ ಇಸುಬಿಗೆಂದೇ ಅಲಿಟ್ರೆಟಿನೋಯಿನ್ ಮಾತ್ರೆ 2008ರಲ್ಲಿ ಯುರೋಪಿನಲ್ಲಿ ಬಂತು. ಗರ್ಭದ ಮಗುವಿಗೆ ಅಪಾಯಕಾರಿಯಾದ್ದರಿಂದ ಹೆಂಗಸರಿಗೆ ಕೊಡುವಾಗ ಕಟ್ಟುನಿಟ್ಟು ಹೆಚ್ಚು. ಶುಚಿ ಕೆಲಸದಲ್ಲಿರುವವರು ಹೆಚ್ಚಾಗಿ ಹೆಂಗಸರೇ ಎಂಬುದನ್ನು ನೆನೆದರೆ ಇದು ಸಣ್ಣ ತೊಡಕಲ್ಲ. 2024ರಲ್ಲಿ ಅಲ್ಲೇ ಒಪ್ಪಿಗೆ ಪಡೆದ ಡೆಲ್ಗೊಸಿಟಿನಿಬ್ ಮುಲಾಮು ಉರಿಯೂತದ ಸಂಕೇತಗಳನ್ನು ಜೀವಕೋಶದೊಳಗೇ ತಡೆಯುತ್ತದೆ. ಅದು ಸ್ಟೀರಾಯ್ಡ್ ಅಲ್ಲ.

ಇಲ್ಲಿನ ತೊಡಕು ಬೇರೆ. 1948ರ ಕಾರ್ಖಾನೆ ಕಾಯ್ದೆಯ ಅನುಸೂಚಿಯಲ್ಲಿ ರಾಸಾಯನಿಕಗಳಿಂದ ಬರುವ ಚರ್ಮದ ಉರಿಯೂತಕ್ಕೆ ಜಾಗ ಸಿಕ್ಕಿತ್ತು. ಆದರೆ ಮನೆಗೆಲಸದವರು ದುಡಿಯುವ ಜಾಗ ಕಾರ್ಖಾನೆಯಲ್ಲ. ಪ್ಯಾಚ್ ಟೆಸ್ಟ್ ಮಾಡಿದ ವೈದ್ಯರು ಐಸೋಥಯಾಜೋಲಿನೋನ್ ಎಂಬ ಸಂರಕ್ಷಕ ಒಗ್ಗದು, ಅದಿರುವ ದ್ರಾವಣ ಮುಟ್ಟಬೇಡಿ, ಬಾಟಲಿಯ ಚೀಟಿ ಓದಿ ಎನ್ನುತ್ತಾರೆ. ಕ್ಯಾನಿನಲ್ಲಿ ಬಿಡಿಯಾಗಿ ಅಳೆದು ಕೊಡುವ ಫಿನಾಯಿಲ್‌ಗೆ ಚೀಟಿಯೇ ಇರುವುದಿಲ್ಲ.