ಎಣಿಕೆಯ ನಿಷ್ಠುರ

ಬಡತನ ನೀಗಿಸಲು ಹಮ್ಮಿಕೊಂಡ ಯೋಜನೆ ಬಡವರಿಗೆ ನಿಜಕ್ಕೂ ನೆರವಾಯಿತೇ? ಈ ಸರಳ ಪ್ರಶ್ನೆಯನ್ನು ದಶಕಗಳ ಕಾಲ ಬಿಡದೆ ಕೇಳಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ಪೀಟರ್ ರೊಸ್ಸಿ (1921–2006). ಖರ್ಚಾದ ಹಣವೆಷ್ಟು, ಫಲಾನುಭವಿಗಳೆಷ್ಟು ಎಂಬ ಲೆಕ್ಕವನ್ನು ಯಾವ ಸರ್ಕಾರವೂ ಕೊಟ್ಟೀತು. ಯೋಜನೆಯಿಂದಲೇ ಆದದ್ದೇನು, ಅದಿಲ್ಲದಿದ್ದರೂ ಆಗುತ್ತಿದ್ದುದೇನು ಎಂದು ಬೇರ್ಪಡಿಸಿ ತೋರಿಸುವುದೇ ಕಷ್ಟ. ರೊಸ್ಸಿಯವರು ಆರಿಸಿಕೊಂಡದ್ದು ಆ ಕಷ್ಟವನ್ನು.

ಷಿಕಾಗೋ ವಿಶ್ವವಿದ್ಯಾಲಯದ ಸುತ್ತಲಿನ ಹೈಡ್ ಪಾರ್ಕ್–ಕೆನ್‌ವುಡ್ ಬಡಾವಣೆಯ ಪುನರುಜ್ಜೀವನ ಯೋಜನೆ ನಾಗರಿಕರ ಸಹಭಾಗಿತ್ವಕ್ಕೆ ಹೆಸರಾಗಿತ್ತು. 1961ರಲ್ಲಿ ರಾಬರ್ಟ್ ಡೆಂಟ್ಲರ್ ಅವರೊಡನೆ ಬರೆದ ಪುಸ್ತಕದಲ್ಲಿ ರೊಸ್ಸಿ ಆ ಹೆಸರನ್ನೇ ಒರೆಗೆ ಹಚ್ಚಿದರು. ಸಭೆಗಳಲ್ಲಿ ದನಿ ಎತ್ತಿದವರು ಬಹುಮಟ್ಟಿಗೆ ಮಧ್ಯಮವರ್ಗದವರು. ಅವರ ಭಾಗವಹಿಸುವಿಕೆ ಯೋಜನೆಗೆ ಜನರ ಒಪ್ಪಿಗೆಯನ್ನು ದೊರಕಿಸಿತೇ ಹೊರತು ಅದರ ತಿರುಳನ್ನು ಹೆಚ್ಚು ಬದಲಿಸಲಿಲ್ಲ.

1970ರ ದಶಕದಲ್ಲಿ ಟೆಕ್ಸಾಸ್ ಮತ್ತು ಜಾರ್ಜಿಯಾ ರಾಜ್ಯಗಳಲ್ಲಿ, ಸೆರೆಮನೆಯಿಂದ ಬಿಡುಗಡೆಯಾದವರಿಗೆ ಕೆಲವು ವಾರಗಳ ಭತ್ಯೆ ಕೊಟ್ಟರೆ ಮತ್ತೆ ಅಪರಾಧಕ್ಕಿಳಿಯುವುದು ತಗ್ಗೀತೇ ಎಂಬ ಪ್ರಯೋಗ ನಡೆಯಿತು. ಒಟ್ಟಾರೆ ಫಲಿತಾಂಶ ಶೂನ್ಯ. ರೊಸ್ಸಿ ಮತ್ತು ಸಂಗಡಿಗರು ಆ ಶೂನ್ಯವನ್ನು ಬಿಡಿಸಿ ನೋಡಿದರು. ಕೈಯಲ್ಲಿನ ಹಣ ಅಪರಾಧವನ್ನು ತಗ್ಗಿಸಿತ್ತು. ಆದರೆ ಗಳಿಕೆ ಬಂದಂತೆ ಭತ್ಯೆ ಕಡಿತವಾಗುತ್ತಿದ್ದುದರಿಂದ ಹಲವರು ಕೆಲಸಕ್ಕೆ ಸೇರಲಿಲ್ಲ. ಕೆಲಸವಿಲ್ಲದಿರುವಿಕೆ ಅಪರಾಧವನ್ನು ಹೆಚ್ಚಿಸಿತ್ತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದಿತ್ತು ಎಂಬುದು ಅವರ ವಿವರಣೆ.

ಇಂಥ ಅನುಭವಗಳ ಸಾರವನ್ನು 1987ರಲ್ಲಿ ಅವರು ‘ಲೋಹದ ನಿಯಮ’ಗಳೆಂದು ಅರ್ಧ ವಿನೋದದಲ್ಲಿ ಬರೆದರು: ದೊಡ್ಡ ಸಾಮಾಜಿಕ ಯೋಜನೆಯ ನಿವ್ವಳ ಪರಿಣಾಮ ಸೊನ್ನೆಯೆಂದೇ ನಿರೀಕ್ಷಿಸಬೇಕು, ಪರೀಕ್ಷೆ ಬಿಗಿಯಾದಷ್ಟೂ ಸೊನ್ನೆ ಖಚಿತವಾಗುತ್ತದೆ. ಇದನ್ನು ಕೈಚೆಲ್ಲುವ ಮಾತೆಂದು ನಾವು ಓದಬೇಕಿಲ್ಲ. ಸಮಸ್ಯೆಯನ್ನು ತಪ್ಪಾಗಿ ಗ್ರಹಿಸುವುದು, ಗ್ರಹಿಕೆಯನ್ನು ತಪ್ಪು ಯೋಜನೆಯಾಗಿಸುವುದು, ಸರಿಯಾದ ಯೋಜನೆಯನ್ನೂ ಕೆಟ್ಟದಾಗಿ ಜಾರಿಗೊಳಿಸುವುದು ಎಂದು ಸೋಲಿನ ಬೇರುಗಳನ್ನೂ ಅವರು ಅಲ್ಲಿಯೇ ಗುರುತಿಸಿದ್ದರು.

‘ಯಥಾರ್ಥವಾದಿ ಲೋಕವಿರೋಧಿ’ ಎಂಬ ನಮ್ಮ ಗಾದೆ ಅವರ ಪಾಲಿಗೆ ನಿಜವಾದದ್ದು ಷಿಕಾಗೋದ ನಿರ್ವಸತಿಗರನ್ನು ಎಣಿಸಿದಾಗ. 1985–86ರಲ್ಲಿ ಅವರ ತಂಡದವರು ಕರ್ತವ್ಯದ ಮೇಲಿಲ್ಲದ ಪೊಲೀಸರನ್ನು ಜೊತೆಗಿಟ್ಟುಕೊಂಡು, ನಡುರಾತ್ರಿ ಕಳೆದ ಮೇಲೆ ಆಯ್ದ ಬೀದಿಗಳನ್ನು ಶೋಧಿಸಿದರು. ವಸತಿಗೃಹಗಳಲ್ಲಿ ತಂಗಿದ್ದವರನ್ನೂ ಲೆಕ್ಕಕ್ಕೆ ತಂದರು. ಹೋರಾಟಗಾರರು ಹೇಳುತ್ತಿದ್ದ ಸಂಖ್ಯೆ ಕನಿಷ್ಠ 12,000. ಸಮೀಕ್ಷೆಯ ಅಂದಾಜು ಒಂದು ರಾತ್ರಿಗೆ 2,000ದಿಂದ 3,000. ಬಡವರಿಗೆ ದ್ರೋಹ ಬಗೆದವರಂತೆ ಅವರನ್ನು ಕಂಡವರಿದ್ದರು.

ಆದರೆ ಆ ಎಣಿಕೆ ತಲೆಗಳನ್ನು ಲೆಕ್ಕ ಹಾಕಿ ಅಲ್ಲಿಗೇ ನಿಲ್ಲಲಿಲ್ಲ, ಬೀದಿಯಲ್ಲಿದ್ದವರನ್ನು ಮಾತನಾಡಿಸಿತು. ಅವರ ಹಿಂದೆ ಕಡು ಬಡತನದ ಬಹು ದೊಡ್ಡ ಸಮೂಹವಿದೆ, ಬಂಧುಗಳು ಮನೆಯಲ್ಲಿಟ್ಟುಕೊಂಡಿರುವುದರಿಂದಷ್ಟೇ ಅವರು ಬೀದಿಗೆ ಬಿದ್ದಿಲ್ಲ ಎಂದು ರೊಸ್ಸಿ 1989ರ ಪುಸ್ತಕದಲ್ಲಿ ವಾದಿಸಿದರು. ದುಡಿಮೆಯಿಲ್ಲದ ವಯಸ್ಕರನ್ನು ಸಲಹುವ ಕುಟುಂಬಗಳಿಗೆ ನೆರವು ಕೊಡಬೇಕೆಂಬ ಸಲಹೆ ಹುಟ್ಟಿದ್ದು ಈ ತಿಳಿವಿನಿಂದ. ಉಬ್ಬಿಸಿದ ಸಂಖ್ಯೆ ಕರುಣೆಯನ್ನು ಕೆರಳಿಸಬಹುದು. ನೆರವು ತಲುಪಬೇಕಾದ ಮನೆಯ ಬಾಗಿಲನ್ನು ಅದು ತೋರಿಸಲಾರದು.